ಅತ್ತೆಯ ಎಡಗೈ

ನನ್ನ ಕೈ ಮೆತ್ತಗೆ, ನಾಲಿಗೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಕೆಲಸ ಏನೆಂದು ತಿಳಿದವರೆಲ್ಲ ನಾನು ಬಹಳ ಸಮಾಧಾನದ ಹೆಂಗಸು ಅಂದುಕೊಳ್ಳುತ್ತಾರೆ, ಆಮೇಲೆ ಒಂದು ದಿನ ನನ್ನ ಬಾಯಿಗೆ ಸಿಕ್ಕು ಬೇಜಾರು ಮಾಡಿಕೊಳ್ಳುತ್ತಾರೆ.

ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಮನೆಯೊಂದರ ಮುಂದಿನ ಎರಡು ಕೋಣೆ ಹಿಡಿದು ಮೈನೋವಿನವರಿಗೆ ಕೈಚಿಕಿತ್ಸೆ ಮಾಡುತ್ತೇನೆ. ಗುರುವಾರ ಮಾತ್ರ ಖಾನಾಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಕೋಣೆಯಲ್ಲಿ ಅದೇ ಕೆಲಸ. ಸೊಂಟ ಹಿಡಿದವರು, ಕುತ್ತಿಗೆ ತಿರುಗದವರು, ನಿದ್ದೆ ಬಾರದವರು ಬರುತ್ತಾರೆ. ನಾನು ಎಲುಬು ಲಟಕ್ ಅನ್ನಿಸುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕುವುದಿಲ್ಲ, ಬೆನ್ನ ಮೇಲೆ ಮೊಣಕೈ ಊರುವುದಿಲ್ಲ. ಬಟ್ಟೆಯ ಮೇಲೆಯೇ ಕೈ ಇಟ್ಟು, ಮೈ ಎಲ್ಲಿ ಬಿಗಿ ಹಿಡಿದಿದೆಯೋ ಅಲ್ಲಿಗೆ ಆಸರೆ ಕೊಟ್ಟು ಕಾಯುತ್ತೇನೆ. ಬಿಗಿ ಸಡಿಲಾದ ಹಾಗೆ ನನ್ನ ಕೈ ಅದರ ಹಿಂದೆ ಹೋಗುತ್ತದೆ. ಇದರಿಂದ ಎಲ್ಲ ರೋಗವೂ ಹೋಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ, ಹಾಗೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೋವು ಸ್ವಲ್ಪ ಇಳಿಯುತ್ತದೆ, ಉಸಿರು ಆಳಕ್ಕೆ ಹೋಗುತ್ತದೆ. ಎದ್ದು ಹೋಗುವಾಗ ಜನ ಬಂದದ್ದಕ್ಕಿಂತ ನಿಧಾನವಾಗಿ ನಡೆಯುತ್ತಾರೆ.

ಕುಸ್ತಿಯ ತಾಲೀಮಿನ ಉಸ್ತಾದರ ಕೈಯಲ್ಲಿ ಮೈ ತಿಕ್ಕಿಸಿಕೊಂಡು ಬೆಳೆದ ಊರು ನಮ್ಮದು. ಮೊದಲ ಸಲ ಬಂದ ಗಂಡಸರು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದು, ಒಂದು ಕಣ್ಣು ತೆರೆದು, "ಅಕ್ಕಾರ, ಶುರು ಮಾಡ್ರಿ," ಅನ್ನುತ್ತಾರೆ. ಶುರುವಾಗಿ ಬಹಳ ಹೊತ್ತಾಯಿತು ಎಂದರೆ ನಂಬುವುದಿಲ್ಲ. ಖಾನಾಪುರದಲ್ಲಿ ಇನ್ನೊಂದು ತರಹ. ಅಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದ ಹೆಂಗಸರು ಬರುತ್ತಾರೆ, ನಾನು ಕೈ ಚಾಚುವ ಮೊದಲೇ ಮರಾಠಿಯಲ್ಲಿ "ಹಳೂ, ತಾಯಿ, ಹಳೂ," ಮೆಲ್ಲಗೆ ಅಕ್ಕಾ ಮೆಲ್ಲಗೆ, ಎಂದು ಮೈ ಮುದುಡಿಕೊಳ್ಳುತ್ತಾರೆ. ಮೆಲ್ಲಗೆ ಮುಟ್ಟಿಸಿಕೊಂಡು ಅವರಿಗೆ ರೂಢಿಯಿಲ್ಲ.

ನನಗೆ ಈ ಕೆಲಸ ಕಲಿಸಿದವರು ಪುಣೆಯಿಂದ ಬರುತ್ತಿದ್ದ ವಯಸ್ಸಾದ ಶಿಕ್ಷಕಿಯೊಬ್ಬರು. ಅವರು ಹೇಳಿದ್ದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಯಾರ ಕೈಯನ್ನೂ ನೀನಾಗಿ ಎತ್ತಬೇಡ, ಕೆಳಗೆ ನಿನ್ನ ಕೈ ಇಟ್ಟು ಕಾಯುತ್ತಿರು, ಭಾರವನ್ನು ಅವರೇ ಕೊಡಬೇಕು, ಎನ್ನುತ್ತಿದ್ದರು. ಕೇಳುವುದಕ್ಕೆ ಸುಲಭ. ಮಲಗಿದವರಿಗೆ ಕೈ ಸಡಿಲ ಬಿಡಿ ಎಂದು ಹೇಳಿ ನೋಡಿ. ಬಿಟ್ಟಿದ್ದೇವೆ ಅನ್ನುತ್ತಾರೆ, ಆದರೆ ನೀವು ನಿಮ್ಮ ಕೈ ತೆಗೆದರೂ ಅವರ ಕೈ ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಮನುಷ್ಯರು ತಮ್ಮ ಭಾರವನ್ನು ಇನ್ನೊಬ್ಬರಿಗೆ ಅಷ್ಟು ಬೇಗ ಕೊಡುವುದಿಲ್ಲ. ನನ್ನ ಅತ್ತೆಯಂತೂ ಕೊಡುವ ಪೈಕಿಯೇ ಅಲ್ಲ.

ನಮ್ಮ ಮನೆ ಶಹಾಪುರದಲ್ಲಿದೆ. ಗಂಡನ ಮನೆಯವರು ಲಿಂಗವಂತರು, ಅತ್ತೆ ನೇಮನಿಷ್ಠೆಯ ಹೆಂಗಸು. ನಾನು ಹಲಸಿಯ ಕಡೆಯ ಕುರಿ ಕಾಯುವ ಮನೆತನದವಳು. ಅಪ್ಪ ಕುರಿ ಮಾರಿ ಖಾನಾಪುರದಲ್ಲಿ ಕಾರ್ಖಾನೆ ಸೇರಿದ ಮೇಲೆ ನಾವು ಪೇಟೆ ಕಂಡೆವು. ಬೆಳಗಾವಿಯ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ನಾನು ಸಹಾಯಕಿಯಾಗಿದ್ದಾಗ ಅಲ್ಲೇ ಎಕ್ಸ್‌ರೇ ತೆಗೆಯುತ್ತಿದ್ದವರು ನನ್ನ ಗಂಡ. ಮದುವೆಯ ಮಾತು ಬಂದಾಗ ಅತ್ತೆ ಬೇಡ ಅನ್ನಲಿಲ್ಲ. ಮಾವ ತೀರಿಕೊಂಡಿದ್ದರು, ಅವರೇ ಮನೆಗೆ ಹಿರಿಯರು. ಹುಡುಗಿಗೆ ಲಿಂಗದೀಕ್ಷೆ ಕೊಡಿಸೋಣ ಎಂದಷ್ಟೇ ಹೇಳಿ ಕಳಿಸಿದರು. ನಾನು ಒಲ್ಲೆ ಅಂದೆ. ನಮ್ಮ ಬೀರಪ್ಪ ನನಗೆ ಸಾಕು, ಮದುವೆಯಾಯಿತೆಂದು ಬದಲಿಸುವುದಕ್ಕೆ ದೇವರೇನು ಸೀರೆಯೇ ಎಂದು ಕೇಳಿದೆ. ಆ ಮಾತನ್ನು ಯಾರೋ ಹಾಗೇ ಅವರ ಕಿವಿಗೆ ಮುಟ್ಟಿಸಿದರು. ಮದುವೆ ಆಯಿತು, ದೀಕ್ಷೆಯ ಮಾತು ಮತ್ತೆ ಬರಲಿಲ್ಲ.

ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಮುಟ್ಟಬೇಡ ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಚಹಾ ಕೊಡುವಾಗ ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದರು, ನಾನು ಅಲ್ಲಿಂದ ತೆಗೆದುಕೊಳ್ಳುತ್ತಿದ್ದೆ. ಅಡುಗೆ ಅವರದೇ, ಹೆಚ್ಚಿಕೊಡುವುದು, ಪಾತ್ರೆ, ಕಸ ನನ್ನದು. ಅವರು ಪೂಜೆಗೆ ಕೂತಾಗ ದೇವರ ಕೋಣೆಯ ಬಾಗಿಲು ಅರ್ಧ ಮುಂದಕ್ಕೆ ಬರುತ್ತಿತ್ತು. ಲಿಂಗ ಕಟ್ಟದವರಿಗೆ ಹಳೆಯ ಮಾತಿನಲ್ಲಿ ಭವಿ ಎನ್ನುತ್ತಾರೆ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ, ಆದರೂ ಆ ಅರ್ಧ ಬಾಗಿಲು ಕಂಡಾಗಲೆಲ್ಲ ನನಗೆ ಕೇಳಿಸುತ್ತಿತ್ತು. ಪಡಸಾಲೆಯ ಗೋಡೆಯಲ್ಲಿ ಶರಣರ ದೊಡ್ಡ ಫೋಟೊ, ಅತ್ತೆಯ ಬಾಯಲ್ಲಿ ಮುಂಜಾನೆ ವಚನ. ಅದನ್ನು ಕೇಳುತ್ತ ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಗಂಡನನ್ನು ಕೇಳಿದರೆ, ಅವ್ವ ಎಲ್ಲರ ಜೊತೆಗೂ ಹಾಗೇ ಎನ್ನುತ್ತಿದ್ದರು. ಗಂಡನ ಸ್ವಂತ ಲಿಂಗ ಅದನ್ನಿಡುವ ಕರಡಿಗೆಯ ಸಮೇತ ದೇವರ ಕೋಣೆಯ ಮೊಳೆಗೆ ತೂಗುಬಿದ್ದು ಯಾವ ಕಾಲವಾಗಿತ್ತೋ. ಅದಕ್ಕೆ ಅವ್ವ ಏನೂ ಅನ್ನುತ್ತಿರಲಿಲ್ಲ, ಮಗನಲ್ಲವೇ.

ಹೀಗೇ ವರ್ಷಗಳು ಹೋದವು. ಒಂದು ಚಳಿಗಾಲದಲ್ಲಿ ಅತ್ತೆಯ ಎಡಭುಜ ಹಿಡಿದುಕೊಂಡಿತು. ಮೊದಲು ತುರುಬು ಕಟ್ಟಲು ಕೈ ಹಿಂದೆ ಹೋಗದಾಯಿತು. ಆಮೇಲೆ ಮೇಲಿನ ಹಲಗೆಯ ಡಬ್ಬಿ ಎಟುಕದಾಯಿತು. ಜೋಳದ ರೊಟ್ಟಿ ಬಡಿಯಲು ಎರಡೂ ಕೈ ಬೇಕು. ಒಂದು ಮುಂಜಾನೆ ನಾದಿದ ಹಿಟ್ಟನ್ನು ಪರಾತದಲ್ಲೇ ಬಿಟ್ಟು ಅವರು ಎದ್ದು ಹೊರಗೆ ಹೋಗಿ ಕೂತರು. ನಾನು ಕೂತು ರೊಟ್ಟಿ ಬಡಿದೆ. ಅವತ್ತಿನಿಂದ, ಯಾರೂ ಏನೂ ಹೇಳದೆ, ಅಡುಗೆ ನನ್ನ ಕೈಗೆ ಬಂತು.

ಓಣಿಯ ಹೆಂಗಸೊಬ್ಬರ ಮಾತು ಕೇಳಿ ಅವರು ಎಲುಬು ಕೂಡಿಸುವ ಒಬ್ಬನ ಹತ್ತಿರ ಹೋಗಿ ಬಂದರು. ಅವನು ತೋಳು ಹಿಡಿದು ಜಗ್ಗಿದನಂತೆ. ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಅದಾದ ಮೇಲೆ ಆ ಕೈಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ, ನಮ್ಮ ಮಗಳು ಓಡಿ ಬಂದರೆ ಬಲಕ್ಕೆ ತಿರುಗಿ ನಿಲ್ಲುತ್ತಿದ್ದರು. ನನ್ನನ್ನು ಕೇಳಲಿಲ್ಲ. ಎಲ್ಲೆಲ್ಲಿಂದಲೋ ಬಂದವರು ನನ್ನ ಮುಂದೆ ಮಲಗಿ ಭುಜ ಕೊಡುತ್ತಿದ್ದರು, ನಮ್ಮ ಮನೆಯ ಭುಜ ನನ್ನ ಮಗ್ಗುಲಿಂದ ಸೆರಗು ಹೊದ್ದುಕೊಂಡು ಹಾದು ಹೋಗುತ್ತಿತ್ತು. ನಾನೂ ಕೇಳಲಿಲ್ಲ. ಕರೆಯದೆ ಹೋಗುವ ಸ್ವಭಾವ ನನ್ನದಲ್ಲ.

ಅದೇ ದಿನಗಳಲ್ಲಿ ಅತ್ತೆ ರಾತ್ರಿಯ ಊಟ ಬಿಟ್ಟರು. ಹಸಿವಿಲ್ಲ ಎನ್ನುತ್ತಿದ್ದರು. ವಯಸ್ಸಾಯಿತು, ಸಕ್ಕರೆ ಕಾಯಿಲೆ ಬೇರೆ, ಹಸಿವು ಕಡಿಮೆಯಾಗಿರಬೇಕು ಎಂದರು ಗಂಡ. ನನಗೆ ಹಾಗೆ ಅನ್ನಿಸಲಿಲ್ಲ. ಅವರು ಅಡುಗೆ ಮಾಡುತ್ತಿದ್ದಾಗ ಎರಡೂ ಹೊತ್ತು ಉಣ್ಣುತ್ತಿದ್ದರು. ನನ್ನ ಕೈಯ ಅಡುಗೆ ಶುರುವಾಗಿದ್ದೇ ತಡ, ಹಸಿವು ಹೋಯಿತು. ಮಧ್ಯಾಹ್ನ ಉಪಾಯವಿಲ್ಲದೆ ಉಣ್ಣುತ್ತಾರೆ, ರಾತ್ರಿಯಾದರೂ ತಪ್ಪಲಿ ಎಂದು ಬಿಡುತ್ತಾರೆ ಎಂದು ನಾನು ಲೆಕ್ಕ ಹಾಕಿಕೊಂಡೆ. ಉಣ್ಣದೆ ಸತ್ತರೂ ಸರಿ, ಇವಳ ಕೈಯದು ಬೇಡ ಅನ್ನುವ ಹಟ ಎಂದು ಒಳಗೇ ಕುದಿಯುತ್ತಿದ್ದೆ. ಆದರೂ ಅವರ ಪಾಲಿನ ಪಲ್ಲೆ ದಿನಾ ಮುಚ್ಚಿಡುತ್ತಿದ್ದೆ, ಮುಂಜಾನೆ ಅದನ್ನು ಕೆಲಸದಾಕೆಗೆ ಕೊಡುತ್ತಿದ್ದೆ.

ಒಂದು ದಿನ ಸಂಜೆ ಅವರು ಸಕ್ಕರೆ ಗುಳಿಗೆ ತೆಗೆದುಕೊಂಡು, ಊಟ ಮಾಡದೆ, ಬಚ್ಚಲ ಬಾಗಿಲಲ್ಲಿ ಕುಸಿದು ಕೂತರು. ಮೈಯೆಲ್ಲ ತಣ್ಣಗೆ ಬೆವರು. ಬಾಯಿಗೆ ಸಕ್ಕರೆ ಹಾಕಿ ದವಾಖಾನೆಗೆ ಒಯ್ದೆವು. ಗುಳಿಗೆ ನುಂಗಿ ಉಪವಾಸ ಬಿದ್ದರೆ ಇನ್ನೊಮ್ಮೆ ಇಲ್ಲಿಗೆ ತರುವುದಕ್ಕೂ ವೇಳೆ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಭುಜವನ್ನೂ ನೋಡಿದರು. ಸಕ್ಕರೆ ಇದ್ದವರಿಗೆ ಹೀಗೆ ಭುಜ ಬಿಗಿಯುವುದುಂಟು, ಸಡಿಲಾಗಲು ತಿಂಗಳುಗಟ್ಟಲೆ ಬೇಕು, ಜಗ್ಗಬೇಡಿ, ಎಂದು ಮೆಲ್ಲನೆಯ ವ್ಯಾಯಾಮ ತೋರಿಸಿದರು. ನನ್ನ ಕೆಲಸ ಅವರಿಗೆ ಗೊತ್ತಿತ್ತು. ವ್ಯಾಯಾಮಕ್ಕೆ ಮೊದಲು ನಿಮ್ಮ ಸೊಸೆ ಸ್ವಲ್ಪ ಹೊತ್ತು ಕೈ ಇಟ್ಟರೆ ನೋವು ಕಡಿಮೆಯಾಗುತ್ತದೆ ಎಂದು ಅತ್ತೆಗೆ ಹೇಳಿದರು. ಅತ್ತೆ ಗೋಡೆಯ ಮೇಲಿನ ಎಲುಬಿನ ಚಿತ್ರವನ್ನೇ ನೋಡುತ್ತಿದ್ದರು.

ಡಾಕ್ಟರ ಮಾತೆಂದು ಅವರು ಒಪ್ಪಿದರು. ಮಧ್ಯಾಹ್ನ ಊಟದ ನಂತರ ಪಡಸಾಲೆಯ ಮಂಚದ ಮೇಲೆ ಮಲಗುತ್ತಿದ್ದರು, ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಒಂದು ಕೈ ಹೆಗಲೆಲುಬಿನ ಕೆಳಗೆ, ಇನ್ನೊಂದು ಮೊಣಕೈ ಕೆಳಗೆ. ಕುಸಿದು ಕೂತ ಆ ಸಂಜೆಯ ಗಡಿಬಿಡಿ ಬಿಟ್ಟರೆ, ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನಾನು ಅವರ ಮೈ ಮುಟ್ಟಿದ್ದು ಅದೇ ಮೊದಲು. ತೋಳು ಇಷ್ಟು ಸಣ್ಣಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಭಾರ ಮಾತ್ರ ಕೊಡುತ್ತಿರಲಿಲ್ಲ. ತಮ್ಮ ಕೈಯನ್ನು ತಾವೇ ಎತ್ತಿ ಹಿಡಿದುಕೊಂಡು, ನನ್ನ ಕೈಗೆ ತಾಗಿಯೂ ತಾಗದ ಹಾಗೆ ಇರಿಸುತ್ತಿದ್ದರು. ನೋವಿದ್ದ ತೋಳಿಗೆ ಅದರಿಂದ ಇನ್ನಷ್ಟು ನೋವು. ನಾನು ಸಾಮಾನ್ಯವಾಗಿ ಬಂದವರಿಗೆ ಕೊರಳ ಸರ ತೆಗೆದಿಡಿ ಎನ್ನುತ್ತೇನೆ. ಅತ್ತೆಗೆ ಹಾಗೆ ಹೇಳುವಂತಿಲ್ಲ. ಲಿಂಗವಿರುವ ಬೆಳ್ಳಿಯ ಕರಡಿಗೆ ಮೈಬಿಟ್ಟು ಹೋಗಬಾರದು. ಮಲಗಿದಾಗ ಅದು ಎಡಕ್ಕೆ ಜಾರುತ್ತಿತ್ತು, ನನ್ನ ಕೈ ಇರುವ ಕಡೆಗೆ. ಅದಕ್ಕೆ ಅವರು ಬಲಮುಷ್ಟಿಯಲ್ಲಿ ಅದನ್ನು ಬಿಗಿಯಾಗಿ ಹಿಡಿದು ಎದೆಗೆ ಒತ್ತಿಕೊಳ್ಳುತ್ತಿದ್ದರು. ಆ ಮುಷ್ಟಿ ನೋಡುತ್ತ ಕೈ ಮೆತ್ತಗೆ ಇಟ್ಟುಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಸಿಟ್ಟು ಇದ್ದರೆ ಅಂಗೈಗೆ ಗೊತ್ತಾಗಿಬಿಡುತ್ತದೆ, ಮಲಗಿದವರಿಗೂ ಗೊತ್ತಾಗುತ್ತದೆ. ಎಷ್ಟೋ ದಿನ ನಾನು ಬರೀ ನನ್ನ ಸಿಟ್ಟು ಇಳಿಯಲಿ ಎಂದೇ ಕಾಯುತ್ತ ಕೂತಿದ್ದೇನೆ.

ದಿನ ಹೋದ ಹಾಗೆ ನೋವು ಸ್ವಲ್ಪ ಇಳಿಯಿತು. ಎಡಮಗ್ಗುಲಿಗೆ ಹೊರಳಿ ಮಲಗುವಷ್ಟಾಯಿತು. ಕೈ ಮೇಲೇಳುವುದು ಮಾತ್ರ ಎದೆಯ ತನಕ, ಅದಕ್ಕಿಂತ ಮೇಲಿಲ್ಲ. ರಾತ್ರಿಯ ಊಟವೂ ಇಲ್ಲ. ಡಾಕ್ಟರು ಬೈದರೆಂದು ಒಂದು ಲೋಟ ಹಾಲು ಕುಡಿಯುತ್ತಿದ್ದರು, ಅದನ್ನೂ ತಾವೇ ಕಾಸಿಕೊಂಡು. ಹಾಲು ಕಾಸುವುದಕ್ಕೂ ನಾನು ಬೇಡವಾದೆನಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಹೊರಗೆ ಮಳೆ ಬರುವ ಮೊದಲಿನ ಸೆಕೆ. ನನ್ನ ಕೈ ಅವರ ತೋಳಿನ ಕೆಳಗಿತ್ತು. ಅತ್ತೆಗೆ ನಿದ್ದೆ ಹತ್ತಿತು. ಬಲಮುಷ್ಟಿ ತಾನಾಗಿಯೇ ಬಿಚ್ಚಿತು, ಕರಡಿಗೆ ಎದೆಯ ಮೇಲಿಂದ ಜಾರಿ ಬಂದು ನನ್ನ ಮಣಿಕಟ್ಟಿಗೆ ತಾಗಿ ನಿಂತಿತು. ಕೈ ತೆಗೆದರೆ ಅವರ ತೋಳು ಅಲುಗುತ್ತದೆ, ಎಚ್ಚರವಾಗುತ್ತದೆ. ತೆಗೆಯದಿದ್ದರೆ ಇದು ಹೀಗೇ ಇರುತ್ತದೆ. ಎರಡರಲ್ಲಿ ಅವರ ನಿದ್ದೆ ದೊಡ್ಡದು ಅನ್ನಿಸಿತು. ಸುಮ್ಮನೆ ಕೂತೆ.

ಎಚ್ಚರವಾದಾಗ ಅವರು ಮೊದಲು ನೋಡಿದ್ದು ಕರಡಿಗೆ ಎಲ್ಲಿದೆ ಎಂದು. ನನ್ನ ಮಣಿಕಟ್ಟು ನೋಡಿದರು, ನನ್ನ ಮುಖ ನೋಡಿದರು. ಏನಾದರೂ ಅಂದಾರು ಎಂದು ನಾನು ನಾಲಿಗೆ ಮಸೆದುಕೊಂಡೇ ಇದ್ದೆ. ಅವರು ನಿಧಾನವಾಗಿ ಎದ್ದು ಕೂತರು.

"ರಾತ್ರಿ ಉಣ್ಣದ ಇರೂದು ನಿನ್ನ ಅಡಗಿ ಸಲುವಾಗಿ ಅಲ್ಲ," ಅಂದರು. "ಹಂಗ ತಿಳೀಬ್ಯಾಡ."

ನಾನು ಏನೆಂದುಕೊಂಡಿದ್ದೆ ಎನ್ನುವುದು ಅವರಿಗೆ ಮೊದಲಿನಿಂದ ಗೊತ್ತಿತ್ತು ಎಂದಾಯಿತು. ಮತ್ತೆ ಯಾಕೆ ಎಂದು ಕೇಳಿದೆ.

"ಸಂಜೀ ಪೂಜಿ ಆಗವಲ್ತು. ಲಿಂಗ ನೋಡದ ಹೆಂಗ ಉಣ್ಣೂದು? ಮುಂಜಾನಿ ಹೆಂಗರ ಮಾಡ್ತೇನಿ. ಸಂಜೀಕ ಕೈ ನಡಗತೈತಿ. ಒಂದಿನ ಜಾರೇ ಬಿಡತಿತ್ತು." ಕರಡಿಗೆಯನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದು, "ಬಿದ್ರ ಏನ ಮಾಡ್ಲಿ?" ಅಂದರು.

ಆ ಪೂಜೆಯನ್ನು ನಾನು ಅರ್ಧ ಬಾಗಿಲಿನ ಸಂದಿಯಿಂದ ಎಷ್ಟೋ ಸಲ ಕಂಡಿದ್ದೆ. ಎಡ ಅಂಗೈಯೇ ಅವರಿಗೆ ಗುಡಿ. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂರುವುದು. ಎಲ್ಲ ಪೂಜೆಯೂ ಆ ನೋಟಕ್ಕಾಗಿ. ಅದಾಗದೆ ಬಾಯಿಗೆ ಅನ್ನವಿಲ್ಲ. ಅಂಗೈಯಿಂದ ಲಿಂಗ ನೆಲಕ್ಕೆ ಬಿದ್ದರೆ ಹಿಂದಿನವರು ಪ್ರಾಣವನ್ನೇ ಬಿಡುತ್ತಿದ್ದರಂತೆ, ಅದನ್ನು ಅತ್ತೆ ಕಥೆಯೆಂದು ಹೇಳುವವರಲ್ಲ. ಭುಜ ಬಿಗಿದವರಿಗೆ 'ಅಂಗೈ ಮೇಲೆ ಮಾಡಿ ಕಣ್ಣಿನ ತನಕ ಎತ್ತಿ' ಎಂದರೆ ಅದು ಎಲ್ಲಕ್ಕಿಂತ ಕಷ್ಟದ ಚಲನೆ. ಇದು ನನಗೆ ಗೊತ್ತಿದ್ದ ವಿಷಯ, ದಿನಾ ಬೇರೆಯವರ ಭುಜದಲ್ಲಿ ನೋಡುತ್ತಿದ್ದ ವಿಷಯ. ಲಿಂಗ ಕಟ್ಟಿದ ಮನೆಯ ಮಗನಿಗೂ ಹೊಳೆಯಲಿಲ್ಲ, ಭುಜದ ಕೆಲಸ ಮಾಡುವ ಸೊಸೆಗೂ ಹೊಳೆಯಲಿಲ್ಲ. ಮನೆಯ ಮನುಷ್ಯರು ದೇವರ ಸಲುವಾಗಿ ಹಸಿದು ಕೂತಿದ್ದರು, ನಾನು ನನ್ನ ಪಲ್ಲೆಯ ಮಾನ ಹಿಡಿದುಕೊಂಡು ಮುನಿಸಿಕೊಂಡಿದ್ದೆ. ನನಗೆ ಬಹಳ ಕೆಟ್ಟದೆನಿಸಿತು.

ನಾನು ಕೂಡಲೇ ಉಪಾಯ ಹೇಳತೊಡಗಿದೆ. ಮೊಣಕೈ ಕೆಳಗೆ ಗಾದಿ ಇಡೋಣ, ಸ್ಟೂಲು ಇಡೋಣ ಎಂದೆ. ಅವೆಲ್ಲ ನೋಡಿ ಆಗಿದೆ ಎಂದರು. ಮೊಣಕೈ ನಿಲ್ಲುತ್ತದೆ, ಮುಂಗೈ ನಡುಗುತ್ತದೆ. ನಿಮ್ಮ ಮಗ ಹಿಡಿಯಲಿ ಎಂದೆ. ಗಂಡನಿಗೆ ಅಂದೇ ಹೇಳಿ, ಜಳಕ ಮಾಡಿಸಿ, ಮೊಳೆಗಿದ್ದ ಕರಡಿಗೆಯನ್ನು ಕೊರಳಿಗೆ ಹಾಕಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಅತ್ತೆ ನರಳಿದ್ದು ಕೇಳಿಸಿತು. ಎಕ್ಸ್‌ರೇ ಮೇಜಿನ ಮೇಲೆ ಪೇಷಂಟಿನ ತೋಳನ್ನು ಬೇಕಾದ ಹಾಗೆ ತಿರುಗಿಸಿಟ್ಟು ರೂಢಿಯಾದ ಕೈ ಅವರದು. ಪಾಪ, ಒಳ್ಳೆಯದಕ್ಕೇ ಎತ್ತಿದ್ದರು.

ಮರುದಿನ ಮಂಚದ ಮೇಲೆ ಮಲಗಿದ್ದಾಗ ಅತ್ತೆ ಸೂರು ನೋಡುತ್ತ, ನೀನು ಹಿಡಿದ ಹಾಗೆ ಹಿಡಿಯುವುದು ಅವನಿಗೆ ಬರುವುದಿಲ್ಲ ಎಂದರು. ಅದು ಏನು ಕೇಳಿದಂತೆ ಎಂದು ನನಗೆ ತಿಳಿಯಿತು.

"ಅತ್ಯಾರ, ನಾ ಲಿಂಗ ಕಟ್ಟಿದಾಕಿ ಅಲ್ಲ," ಎಂದೆ.

"ಗೊತ್ತೈತಿ," ಎಂದರು ಅವರು.

ಮಾತು ಅಲ್ಲಿಗೇ ನಿಂತಿತು. ಎಷ್ಟೋ ದಿನ ಏನೂ ಆಗಲಿಲ್ಲ. ಅವರು ಹಾಲು ಕುಡಿದು ಮಲಗುತ್ತಿದ್ದರು, ನಾನು ಪಲ್ಲೆ ಮುಚ್ಚಿಡುತ್ತಿದ್ದೆ. ಈ ನಡುವೆ ಒಂದು ದಿನ ತಮ್ಮ ಮಠಕ್ಕೆ ಹೋಗಿ ಬಂದರು. ಅಲ್ಲಿ ಏನು ಕೇಳಿದರೋ, ಸ್ವಾಮಿಗಳು ಏನು ಹೇಳಿದರೋ, ಕೇಳಿದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ.

ಶ್ರಾವಣದ ಒಂದು ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಜಳಕ ಆಗಿದೆಯೇ ಎಂದು ಒಳಗಿಂದ ಕೇಳಿದರು. ನಾನು ನೆಟ್ಟಗೆ ಬಚ್ಚಲಿಗೆ ಹೋದೆ. ಹೊರಗೆ ಬಂದಾಗ ದೇವರ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಅವರ ಮಣೆಯ ಎಡಕ್ಕೆ ಇನ್ನೊಂದು ಮಣೆ ಇತ್ತು. ಕೂತೆ. ಎತ್ತಬೇಡ, ಕೈ ಸುಮ್ಮನೆ ಕೆಳಗಿರಲಿ ಎಂದು ಹೇಳಿದರು. ಮೊಣಕೈ ಕೆಳಗೆ ನನ್ನ ಬಲಗೈ, ಮಣಿಕಟ್ಟಿನ ಕೆಳಗೆ ಎಡಗೈ ಹಿಡಿದೆ. ಅವತ್ತೂ ಹೆಚ್ಚಿನ ಭಾರ ಅವರೇ ಹೊತ್ತಿದ್ದರು. ಆದರೆ ಅಂಗೈ ಕಣ್ಣಿನ ಮಟ್ಟಕ್ಕೆ ಬಂತು, ಅಲ್ಲಿ ನಿಂತಿತು. ಅವರು ನೋಡಿದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ದೀಪದ ಕುಡಿ ನೋಡುತ್ತ ಕೂತೆ. ಆ ರಾತ್ರಿ ಅತ್ತೆ ರೊಟ್ಟಿ, ಪುಂಡಿಪಲ್ಲೆ ಉಂಡರು, ಪಲ್ಲೆಗೆ ಉಪ್ಪು ಸ್ವಲ್ಪ ಕಡಿಮೆ ಎಂದರು. ಉಪ್ಪು ಕಡಿಮೆಯೇ ಆಗಿತ್ತು.

ಅದು ನಮ್ಮ ಸಂಜೆಯ ರೂಢಿಯಾಯಿತು. ಮುಂಜಾನೆಯದನ್ನು ಅವರು ಗೋಡೆಗೆ ಆತು ತಾವೇ ಮಾಡಿಕೊಳ್ಳುತ್ತಿದ್ದರು, ಸಂಜೆ ನಾನು. ಇದರಿಂದ ನಮ್ಮಿಬ್ಬರ ನಡುವೆ ದೊಡ್ಡ ಪ್ರೀತಿ ಉಕ್ಕಿ ಹರಿಯಿತು ಎಂದು ಹೇಳಲಾರೆ. ಚಹಾ ಈಗಲೂ ಕಟ್ಟೆಯ ಮೇಲೆಯೇ ಬರುತ್ತಿತ್ತು. ನಾನೂ ದೀಕ್ಷೆಯ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನನ್ನ ಬೀರಪ್ಪ ನನ್ನ ಜೊತೆಗೇ ಇದ್ದ. ಆದರೆ ಗುರುವಾರ ಖಾನಾಪುರದಿಂದ ದೀಪ ಹಚ್ಚುವ ವೇಳೆಗೆ ಮನೆ ಮುಟ್ಟುವ ಹಾಗೆ ನಾನು ಕೆಲಸ ಮುಗಿಸತೊಡಗಿದೆ. ಯಾರಾದರೂ ಇನ್ನೊಬ್ಬರನ್ನು ನೋಡಿ ಹೋಗಿ ಎಂದರೆ ಮುಲಾಜಿಲ್ಲದೆ ಆಗುವುದಿಲ್ಲ ಎನ್ನುತ್ತಿದ್ದೆ.

ಹಾಗಿರುವಾಗ ಒಂದು ಗುರುವಾರ ಖಾನಾಪುರದಿಂದ ನಾನು ಹತ್ತಿದ ರೈಲು ಬೆಳಗಾವಿಗೆ ಮೊದಲೇ ದೇಸೂರಿನಲ್ಲಿ ನಿಂತುಬಿಟ್ಟಿತು. ಮುಂದೆ ಏನೋ ಆಗಿದೆ, ಈಗ ಬಿಡುತ್ತಾರೆ, ಈಗ ಬಿಡುತ್ತಾರೆ ಎನ್ನುತ್ತ ಹೊತ್ತು ಮುಳುಗಿತು. ಮನೆಗೆ ಫೋನು ಮಾಡಿ, ಇವತ್ತೊಂದು ದಿನ ನೀವು ಹಿಡಿಯಿರಿ, ಎತ್ತಬೇಡಿ, ಎಂದು ಗಂಡನಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿದರು. ಅವ್ವ ಒಲ್ಲೆ ಅನ್ನುತ್ತಿದ್ದಾರೆ, ನೀನು ಬರುತ್ತೀ ಎಂದು ಕೂತಿದ್ದಾರೆ, ಗುಳಿಗೆ ಆಗಲೇ ತೆಗೆದುಕೊಂಡಿದ್ದಾರೆ ಎಂದರು. ನಾನು ರೈಲು ಇಳಿದು, ಹಳಿ ದಾಟಿ, ರಸ್ತೆಗೆ ಬಂದು ಕೈ ಮಾಡಿದೆ. ಕಾಯಿಪಲ್ಲೆ ಇಳಿಸಿ ಬರುತ್ತಿದ್ದ ಒಂದು ಟೆಂಪೋ ಸಿಕ್ಕಿತು. ಡ್ರೈವರನ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಅತ್ತೆಯನ್ನು ಬೈದೆ. ಅವನು ಪಾಪ, ಹೂಂ ಹೂಂ ಎನ್ನುತ್ತ ಜೋರಾಗಿ ಓಡಿಸಿದ.

ಮನೆಯಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದರು. ಮುಖ ಬಿಳುಚಿತ್ತು, ಹಣೆಯ ಬೆವರಿಗೆ ವಿಭೂತಿ ಅಳಿಸಿತ್ತು. ಗಂಡ ಸಕ್ಕರೆ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮಣೆಯ ಮೇಲೆ ಕೂತ ಮೇಲೆ ಪೂಜೆ ಮುಗಿಯುವ ತನಕ ನೀರೂ ಇಲ್ಲವೆಂದು ಅತ್ತೆ ಒಂದು ಗುಟುಕೂ ಕುಡಿದಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅವರೊಂದಿಗೆ ಹಾಗೆ ನಾನು ಯಾವತ್ತೂ ಮಾತಾಡಿರಲಿಲ್ಲ. "ಸಾಯಬೇಕಂತ ಮಾಡೀರೇನ್ರಿ? ಒಂದಿನ ಮಗನ ಕೈ ಆಗೂದಿಲ್ಲೇನು? ಮೊದಲ ಆ ನೀರು ಕುಡೀರಿ," ಎಂದೆ.

"ಬೈಯೂದು ಆಮ್ಯಾಲ ಬೈ," ಅಂದರು ಅತ್ತೆ. ದನಿ ಬಹಳ ಸಣ್ಣಗಿತ್ತು. "ಮೊದಲ ಜಳಕಾ ಮಾಡಿ ಬಾ."

ವಾದ ಮಾಡುವ ವೇಳೆ ಅದಾಗಿರಲಿಲ್ಲ. ತಣ್ಣೀರನ್ನೇ ಮೈಮೇಲೆ ಸುರಿದುಕೊಂಡು ಒದ್ದೆ ಕೂದಲಲ್ಲೇ ಬಂದು ಕೂತೆ. ಅವರು ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೀರೆರೆದರು. ಬಲಗೈಯೂ ನಡುಗುತ್ತಿತ್ತು. ನಾನು ಎಡತೋಳಿನ ಕೆಳಗೆ ಎರಡೂ ಕೈ ಕೊಟ್ಟೆ. ಆಗ ಅವರ ಭಾರ ಬಂತು. ಹೆಗಲಿನಿಂದ ಬೆರಳ ತುದಿಯ ತನಕ, ಒಂದಿಷ್ಟೂ ಉಳಿಸಿಕೊಳ್ಳದೆ, ಇಡೀ ಕೈ ನನ್ನ ಕೈಗಳ ಮೇಲೆ ಕೂತಿತು. ಅವರಲ್ಲಿ ಇನ್ನು ಹಿಡಿದುಕೊಳ್ಳುವ ತ್ರಾಣ ಉಳಿದಿರಲಿಲ್ಲ. ನಾನು ಜಗ್ಗಿ ಎತ್ತಲಿಲ್ಲ. ಭುಜ ಸಡಿಲ ಬಿಟ್ಟಷ್ಟೇ ಆ ಭಾರವನ್ನು ಮೇಲಕ್ಕೆ ಒಯ್ದೆ. ಅಂಗೈ ಎದೆಯ ಮಟ್ಟ ದಾಟಿತು, ಗದ್ದದ ಹತ್ತಿರ ಬಂತು. ಅಲ್ಲಿ ಮಣಿಕಟ್ಟು ಒಮ್ಮೆಲೇ ವಾಲಿತು.

ಒದ್ದೆಯಾಗಿದ್ದ ಲಿಂಗ ಅವರ ಅಂಗೈಯ ಅಂಚಿನಿಂದ ಜಾರಿತು. ನಾನು ಏನೂ ಮಾಡಲಿಲ್ಲ, ಮಾಡುವಷ್ಟು ವೇಳೆಯೂ ಇರಲಿಲ್ಲ. ಮಣಿಕಟ್ಟಿನ ಕೆಳಗೆ ನನ್ನ ಎಡಗೈ ಮೊದಲೇ ಇತ್ತು. ಲಿಂಗ ಬಂದು ನನ್ನ ಅಂಗೈಯಲ್ಲಿ ಕೂತಿತು. ತಣ್ಣಗಿತ್ತು, ಅಷ್ಟು ಚಿಕ್ಕದಕ್ಕೆ ತೂಕ ಹೆಚ್ಚೇ ಅನ್ನಿಸಿತು.

ಗಂಡ ಲೋಟ ಕೆಳಗಿಟ್ಟು ಲಿಂಗವನ್ನು ತೆಗೆದುಕೊಳ್ಳಲು ಕೈ ಚಾಚಿ ಬಂದರು. ನನಗೆ ಅಂಗೈ ಮುಚ್ಚಬೇಕೋ ತೆರೆದಿರಬೇಕೋ ತಿಳಿಯಲಿಲ್ಲ, ಅತ್ತೆಯ ಮುಖ ನೋಡುವ ಧೈರ್ಯವೂ ಆಗಲಿಲ್ಲ. ಅವರು ಬಲಗೈ ಅಡ್ಡ ಹಿಡಿದು ಮಗನನ್ನು ತಡೆದದ್ದು ಕಂಡಿತು.

"ಬಿದ್ದಿಲ್ಲ," ಎಂದರು ಅತ್ತೆ. "ಕೈಯಾಗ ಐತಿ."

ಸೋತಿದ್ದ ಎಡಗೈಯನ್ನು ತೊಡೆಯ ಮೇಲೆ ಇಳಿಸಿಕೊಂಡರು. ತಟ್ಟೆಯಿಂದ ವಿಭೂತಿ ತೆಗೆದುಕೊಂಡು, ನನ್ನ ಅಂಗೈಯಲ್ಲಿದ್ದ ಹಾಗೆಯೇ ಲಿಂಗಕ್ಕೆ ಹಚ್ಚಿದರು. ಪತ್ರಿ ಏರಿಸಿದರು. ಅವರ ಬೆರಳು ನನ್ನ ಅಂಗೈಗೆ ತಾಗಿತು, ಹಿಂದೆ ಸರಿಯಲಿಲ್ಲ. ಸ್ವಲ್ಪ ಮೇಲೆ ಹಿಡಿ ಎಂದರು. ನಾನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದೆ, ಅವರು ನೋಡುತ್ತ ಕೂತರು. ನನಗೆ ಅಳು ಬಂತು. ಅತ್ತರೆ ಕೈ ಅಲುಗುತ್ತದೆ ಎಂದು ಅಳಲಿಲ್ಲ.